ರಾಬರ್ಟ್ ಬ್ರೂಸ್ ಫೂಟ್: ಮಸ್ಕಿಯ ಕಲ್ಲು ಓದಿದ ಸಾಹೇಬರಿಗೂ ಇಂದಿನ ಬೋರ್‌ವೆಲ್ ನೀರಿಗೂ ಏನು ಸಂಬಂಧ?

ರಾಯಚೂರು ಜಿಲ್ಲೆಯ ಓದುಗರು ಪರಿಶೀಲನೆಗೆಂದು ನಮಗೆ ಕಳಿಸುವ ನೀರಿನ ಫಾರ್ವರ್ಡ್‌ಗಳು ಹೆಚ್ಚಾಗಿ ಎರಡು ಬಗೆಯವು. ಗಣಿ, ಕಾರ್ಖಾನೆಗಳಿಂದಾಗಿ ಲಿಂಗಸುಗೂರು, ಮಸ್ಕಿ, ಸಿಂಧನೂರು ಕಡೆಯ ಬೋರ್‌ವೆಲ್ ನೀರೆಲ್ಲ ವಿಷವಾಗಿದೆ ಎನ್ನುವುದು ಒಂದು. ನೆಲದ ನೀರಿನಲ್ಲಿ ಲೋಹ ಇರುವುದು ಸಹಜ, ಹೆದರಬೇಡಿ, ಕುದಿಸಿ ಕುಡಿದರೆ ಸಾಕು ಎನ್ನುವುದು ಇನ್ನೊಂದು. ಎರಡೂ ಒಂದೇ ಗ್ರೂಪಿನಲ್ಲಿ ಓಡಾಡುತ್ತವೆ. ಕಳಿಸುವವರ ಕಾಳಜಿ ನಿಜವಾದದ್ದೇ, ಅದರಲ್ಲಿ ಅನುಮಾನವಿಲ್ಲ. ಆದರೆ ಎರಡೂ ಒಂದು ಪ್ರಶ್ನೆಯನ್ನು ಬಿಟ್ಟುಬಿಡುತ್ತವೆ: ಆ ಬೋರ್‌ವೆಲ್ ಕೊರೆದದ್ದು ಯಾವ ಕಲ್ಲಿನಲ್ಲಿ?

ಈ ಪ್ರಶ್ನೆಗೆ ಉತ್ತರದ ಮೊದಲ ಸಾಲುಗಳನ್ನು ಬರೆದವರು ನೂರೈವತ್ತು ವರ್ಷಗಳ ಹಿಂದೆ ಮಸ್ಕಿಗೆ ಬಂದಿದ್ದ ಒಬ್ಬ ಭೂವಿಜ್ಞಾನಿ. ಇತಿಹಾಸದ ಪಠ್ಯಪುಸ್ತಕದಲ್ಲಿ ಅವರ ಹೆಸರು ಒಂದೇ ಸಾಲಿನಲ್ಲಿ ಬಂದು ಹೋಗುತ್ತದೆ. ರಾಬರ್ಟ್ ಬ್ರೂಸ್ ಫೂಟ್, ಪಲ್ಲಾವರಂ, 1863, ಕೈಗೊಡಲಿ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಅಷ್ಟು ಸಾಕು. ನಮಗೆ ಸಾಲದು.

ಡೇರೆ, ನಕ್ಷೆ, ಕೈಗೊಡಲಿ

ಫೂಟ್ ಹುಟ್ಟಿದ್ದು 1834ರ ಸೆಪ್ಟೆಂಬರ್ 22ರಂದು, ಇಂಗ್ಲೆಂಡಿನ ಚೆಲ್ಟನ್‌ಹ್ಯಾಂನಲ್ಲಿ. 1858ರ ಡಿಸೆಂಬರ್ ಕೊನೆಗೆ, 24ನೇ ವಯಸ್ಸಿನಲ್ಲಿ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯನ್ನು ಸೇರಿದರು. ಇಂದು ನಾವು ಜಿಎಸ್‌ಐ ಎಂದು ಕರೆಯುವ ಆ ಸಂಸ್ಥೆ ಶುರುವಾದದ್ದು 1851ರಲ್ಲಿ, ಥಾಮಸ್ ಓಲ್ಡ್‌ಹ್ಯಾಂ ಅವರ ಕೈಕೆಳಗೆ. ಸರ್ಕಾರಕ್ಕೆ ಆಗ ಮುಖ್ಯವಾಗಿ ಬೇಕಿದ್ದದ್ದು ಕಲ್ಲಿದ್ದಲು. ಅದರ ಜೊತೆಗೆ ದೇಶದ ನೆಲದಡಿ ಎಲ್ಲೆಲ್ಲಿ ಯಾವ ಕಲ್ಲಿದೆ ಎಂಬ ನಕ್ಷೆಯೂ ಬೇಕಿತ್ತು. ಫೂಟ್ ಪಾಲಿಗೆ ಬಂದದ್ದು ದಕ್ಷಿಣ ಭಾರತ.

ಕೆಲಸದ ಕ್ರಮ ಹೀಗಿತ್ತು. ಮಳೆ ನಿಂತು ನೆಲ ಒಣಗಿದ ಮೇಲೆ ಡೇರೆ, ಗಾಡಿ, ಆಳುಗಳೊಂದಿಗೆ ಹೊರಡಬೇಕು. ಬಿಸಿಲು ತಡೆಯಲಾಗದಷ್ಟು ಏರುವವರೆಗೆ ಊರಿಂದ ಊರಿಗೆ ಅಲೆಯಬೇಕು. ಹಳ್ಳದ ದಂಡೆ, ಬಾವಿಯ ಒಳಗೋಡೆ, ರೈಲು ದಾರಿಗೆ ಕಡಿದ ಗುಡ್ಡ, ಎಲ್ಲೆಲ್ಲಿ ನೆಲ ತನ್ನ ಹೊಟ್ಟೆ ತೋರಿಸುತ್ತದೋ ಅಲ್ಲೆಲ್ಲ ನಿಂತು ನೋಡಬೇಕು. ಮಳೆಗಾಲದಲ್ಲಿ ಊರಿಗೆ ಮರಳಿ ನಕ್ಷೆಗೆ ಬಣ್ಣ ತುಂಬಬೇಕು. ಇದನ್ನು ಅವರು 33 ವರ್ಷ ಮಾಡಿದರು. ಈ ನಡುವೆ ತಮಿಳು ವಿದ್ವಾಂಸರೂ ಪಾದ್ರಿಯೂ ಆಗಿದ್ದ ಪೀಟರ್ ಪರ್ಸಿವಲ್ ಅವರ ಮಗಳನ್ನು ಮದುವೆಯಾಗಿ ಇಲ್ಲೇ ನೆಲೆಯೂರಿದರು.

1863ರ ಮೇ 30ರಂದು ಮದ್ರಾಸಿನ ಪಕ್ಕದ ಪಲ್ಲಾವರಂನಲ್ಲಿ ಜಲ್ಲಿಗಾಗಿ ತೋಡಿದ್ದ ಗುಂಡಿಯಿಂದ ಎದ್ದ ಕಲ್ಲುಗಳ ನಡುವೆ ಒಂದು ಕಲ್ಲು ಅವರ ಕಣ್ಣಿಗೆ ಬಿತ್ತು. ಎರಡೂ ಬದಿಯಿಂದ ಚಕ್ಕೆ ಎಬ್ಬಿಸಿ, ಅಂಚು ಮೊನಚು ಮಾಡಿದ ಕಲ್ಲು. ನೀರಿನಲ್ಲಿ ಉರುಳಿ ಹಾಗಾಗುವುದಿಲ್ಲ, ಮನುಷ್ಯನ ಕೈ ಬೇಕು. ಇಂತಹ ಕಲ್ಲುಗಳನ್ನು ಬಹಳ ಹಳೆಯ ಮನುಷ್ಯರೇ ಮಾಡಿದ್ದು ಎಂದು ಯುರೋಪಿನ ಪಂಡಿತರು ಒಪ್ಪಿಕೊಂಡು ಆಗಿನ್ನೂ ನಾಲ್ಕೇ ವರ್ಷ ಆಗಿತ್ತು. ಅದೇ ಸೆಪ್ಟೆಂಬರಿನಲ್ಲಿ ವಿಲಿಯಂ ಕಿಂಗ್ ಜೊತೆ ಹೋದಾಗ ಅತ್ತಿರಂಪಾಕ್ಕಂನಲ್ಲಿ ಇನ್ನಷ್ಟು ಸಿಕ್ಕವು. ಆ ಜಾಗದ ಅತ್ಯಂತ ಹಳೆಯ ಪದರಕ್ಕೆ ಸುಮಾರು 15 ಲಕ್ಷ ವರ್ಷ ಎಂಬ ಲೆಕ್ಕ 2011ರಲ್ಲಿ ಹೊರಬಿತ್ತು. ಅಷ್ಟು ಹಿಂದಿನದೆಂದು ಫೂಟ್ ಊಹಿಸಿಯೂ ಇರಲಾರರು.

ಇಲ್ಲಿ ಒಂದು ಸಣ್ಣ ತಿದ್ದುಪಡಿ. ಭಾರತದಲ್ಲಿ ಸಿಕ್ಕ ಮೊಟ್ಟಮೊದಲ ಶಿಲಾಯುಗದ ಆಯುಧ ಪಲ್ಲಾವರಂನದು ಎಂದು ಬರೆದ ಪೋಸ್ಟರ್‌ಗಳು ಹರಿದಾಡುತ್ತವೆ. ಹಳೆ ಶಿಲಾಯುಗದ ಮಟ್ಟಿಗೆ ಅದು ಸರಿ. ಆದರೆ ಕಲ್ಲಿನ ಚೂರಿ, ಬಾಣದ ಮೊನೆಗಳನ್ನು ಡಾ. ಪ್ರಿಮ್‌ರೋಸ್ ಎಂಬುವವರು 1842ರಷ್ಟು ಹಿಂದೆಯೇ ಹೆಕ್ಕಿದ್ದರು. ಅದು ಎಲ್ಲಿ ಗೊತ್ತೇ? ನಮ್ಮ ಲಿಂಗಸುಗೂರಿನಲ್ಲಿ.

ಚೀಟಿಯಿಲ್ಲದ ಕಲ್ಲು, ಚೀಟಿಯಿಲ್ಲದ ನೀರು

ಫೂಟ್ ದೊಡ್ಡವರಾದದ್ದು ಪಲ್ಲಾವರಂನ ಅದೃಷ್ಟದಿಂದ ಎಂದು ನಮಗೆ ಅನ್ನಿಸುವುದಿಲ್ಲ. ಚೆಂದದ ಕಲ್ಲು ಎತ್ತಿಟ್ಟುಕೊಂಡ ಸಾಹೇಬರು ಆಗ ಬೇಕಾದಷ್ಟು ಜನ ಇದ್ದರು. ಅವರ ಮನೆಯ ಕಪಾಟಿನಲ್ಲಿದ್ದ ಎಷ್ಟೋ ಕಲ್ಲುಗಳು ಯಾವ ಊರಿನವು, ಯಾವ ಪದರದವು ಎಂದು ಗೊತ್ತಿಲ್ಲದೆ ಇಂದು ಬರೀ ಕಲ್ಲುಗಳು. ಫೂಟ್ ತಾವು ಎತ್ತಿದ ಕಲ್ಲು ಯಾವ ಜಾಗದ್ದು ಎಂದು ಗುರುತು ಹಾಕಿಟ್ಟರು. ದಕ್ಷಿಣ ಮತ್ತು ಪಶ್ಚಿಮ ಭಾರತದಲ್ಲಿ ಹೀಗೆ ದಾಖಲಿಸಿದ ಜಾಗಗಳು ನಾನೂರಕ್ಕೂ ಹೆಚ್ಚು. ಒಡೆದ ಚೂರನ್ನೂ, ಅರ್ಧಕ್ಕೆ ಕೈಬಿಟ್ಟ ಕೊಡಲಿಯನ್ನೂ ಅವರು ಬಿಸಾಡಲಿಲ್ಲ. ಚೆಂದದ್ದನ್ನಷ್ಟೇ ಆರಿಸಿದರೆ ಆ ಊರಲ್ಲಿ ನಿಜವಾಗಿ ಏನಾಗುತ್ತಿತ್ತು ಎಂಬುದು ಗೊತ್ತಾಗುವುದಿಲ್ಲ.

ನೀರಿನ ಸ್ಯಾಂಪಲ್ ವಿಷಯಕ್ಕೂ ಇದೇ ಮಾತು. ಬಾಟಲಿಯಲ್ಲಿ ತುಂಬಿ ತಂದದ್ದೆಲ್ಲ ಸ್ಯಾಂಪಲ್ ಆಗುವುದಿಲ್ಲ. ತಂಪು ಪಾನೀಯದ ಖಾಲಿ ಬಾಟಲಿ ತೊಳೆದು, ಮನೆ ಮುಂದಿನ ನಲ್ಲಿಯಿಂದ ಹಿಡಿದು, ಬೈಕಿನ ಪೆಟ್ಟಿಗೆಯಲ್ಲಿಟ್ಟು, ಎರಡು ದಿನ ಬಿಟ್ಟು ಲ್ಯಾಬಿಗೆ ಕೊಟ್ಟರೆ ಬರುವ ಅಂಕಿಯನ್ನು ನಂಬಲಾಗದು. ತೊಂದರೆ ಏನೆಂದರೆ, ಆ ಅಂಕಿ ಸುಳ್ಳು ಭಯಕ್ಕಿಂತ ಸುಳ್ಳು ಸಮಾಧಾನ ಕೊಡುವ ಸಾಧ್ಯತೆಯೇ ಹೆಚ್ಚು.

ಕಾರಣ ಸರಳ. ನೆಲದಡಿಯ ನೀರಿಗೆ ಗಾಳಿಯ ಸಂಪರ್ಕ ಕಡಿಮೆ. ಮೇಲೆ ಬಂದು ಗಾಳಿ ತಾಗಿದ ಕೂಡಲೇ ಅದರಲ್ಲಿ ಕರಗಿದ್ದ ಕಬ್ಬಿಣ ತುಕ್ಕಾಗಿ ತಳಕ್ಕೆ ಇಳಿಯಲು ಶುರುವಾಗುತ್ತದೆ. ಇಳಿಯುವಾಗ ಆರ್ಸೆನಿಕ್‌ನಂಥವನ್ನೂ ಅಂಟಿಸಿಕೊಂಡು ಇಳಿಯುತ್ತದೆ. ಸೀಸದಂಥ ಲೋಹಗಳು ಬಾಟಲಿಯ ಗೋಡೆಗೇ ಅಂಟಿಕೊಳ್ಳುತ್ತವೆ. ಲ್ಯಾಬಿನವರು ಮೇಲಿನ ತಿಳಿನೀರು ತೆಗೆದು ಅಳೆದರೆ ಲೋಹ ಕಡಿಮೆ ಕಾಣುತ್ತದೆ. ವರದಿ ಚೆನ್ನಾಗಿ ಬಂತು ಎಂದು ಊರು ಆ ನೀರನ್ನೇ ಕುಡಿಯುತ್ತಿರುತ್ತದೆ.

ಆದ್ದರಿಂದ ಗೊತ್ತಿದ್ದವರು ಮೊದಲು ಪಂಪ್ ಬಿಟ್ಟು ಪೈಪಿನಲ್ಲಿ ನಿಂತಿದ್ದ ಹಳೆ ನೀರನ್ನು ಹರಿಸಿ ಚೆಲ್ಲುತ್ತಾರೆ. ನೀರಿನ ಪಿಎಚ್, ವಿದ್ಯುತ್ ಹರಿವಿನ ಅಂಕಿ, ತಾಪಮಾನ ಏರಿಳಿಯದೆ ನಿಂತ ಮೇಲೆ, ಅಂದರೆ ಬಂಡೆಯ ಬಿರುಕಿನ ಹೊಸ ನೀರು ಬಂತು ಎಂದು ಖಾತ್ರಿಯಾದ ಮೇಲೆ, ಬಾಟಲಿ ಹಿಡಿಯುತ್ತಾರೆ. ಆ ಬಾಟಲಿಯನ್ನು ಮೊದಲೇ ಆಮ್ಲದಲ್ಲಿ ತೊಳೆದಿರುತ್ತಾರೆ. ಕರಗಿದ ಲೋಹವನ್ನಷ್ಟೇ ಅಳೆಯಬೇಕಾದರೆ 0.45 ಮೈಕ್ರಾನ್ ಶೋಧಕದಲ್ಲಿ ಸ್ಥಳದಲ್ಲೇ ಸೋಸುತ್ತಾರೆ. ಆಮೇಲೆ ಕೆಲವು ಹನಿ ಶುದ್ಧ ನೈಟ್ರಿಕ್ ಆಮ್ಲ ಹಾಕಿ ಪಿಎಚ್ 2ಕ್ಕಿಂತ ಕೆಳಗಿಳಿಸುತ್ತಾರೆ. ಈಗ ಲೋಹ ಎಲ್ಲಿಗೂ ಓಡಿಹೋಗುವುದಿಲ್ಲ, ತಿಂಗಳುಗಟ್ಟಲೆ ನೀರಿನಲ್ಲೇ ಕೂತಿರುತ್ತದೆ. ಪಾದರಸ ಮಾತ್ರ ಅಷ್ಟು ದಿನ ಕಾಯುವುದಿಲ್ಲ, ಅದನ್ನು 28 ದಿನದೊಳಗೆ ಅಳೆಯಬೇಕು. ಜೊತೆಗೆ ಶುದ್ಧ ನೀರಿನ ಒಂದು ಬಾಟಲಿಯನ್ನೂ ಹೊಲಕ್ಕೆ ಒಯ್ದು, ಅದಕ್ಕೂ ಇದೇ ಎಲ್ಲ ಉಪಚಾರ ಮಾಡಿ ಲ್ಯಾಬಿಗೆ ಕೊಡುತ್ತಾರೆ. ಅದರಲ್ಲೂ ಲೋಹ ಕಂಡರೆ ತಪ್ಪು ನಮ್ಮ ಕೈಯಲ್ಲಿದೆ, ಬಾವಿಯಲ್ಲಿಲ್ಲ ಎಂದರ್ಥ.

ಕೊನೆಗೆ ಚೀಟಿ. ಯಾವ ಊರು, ಯಾವ ಬೋರ್‌ವೆಲ್, ಎಷ್ಟು ಅಡಿ ಆಳ, ಯಾವ ದಿನ, ಯಾರು ಹಿಡಿದರು, ಯಾರ ಕೈಯಿಂದ ಯಾರ ಕೈಗೆ ಹೋಯಿತು. ಕೆಲಸದಲ್ಲಿ ಬೇಸರದ ಭಾಗ ಇದು. ಆದರೆ ನಾಳೆ ಈ ಅಂಕಿ ಅಧಿಕಾರಿಯ ಮುಂದೆ ಅಥವಾ ಕೋರ್ಟಿನಲ್ಲಿ ನಿಲ್ಲುವುದು ಈ ಚೀಟಿಯ ಬಲದಿಂದಲೇ.

ಎಡೆದೊರೆ ನಾಡಿನ ಹಸಿರುಗಪ್ಪು ಕಲ್ಲು

ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಈ ಸೀಮೆಗೆ ಹಳೆಯ ಶಾಸನಗಳಲ್ಲಿ ಎಡೆದೊರೆ ನಾಡು ಎಂಬ ಹೆಸರಿದೆ. ಇಂಗ್ಲಿಷರಿಗೆ ಇದು ರಾಯಚೂರು ದೋಆಬ್. 1853ರಿಂದ 1860ರವರೆಗೆ ಬ್ರಿಟಿಷರ ಕೈಯಲ್ಲಿದ್ದು ಮತ್ತೆ ನಿಜಾಮರಿಗೆ ಮರಳಿತ್ತು. ಲಿಂಗಸುಗೂರು ಆಗ ದಂಡು ಬಿಡಾರವಿದ್ದ ಊರು. ಫೂಟ್ ಮಸ್ಕಿಯ ಗುಡ್ಡದ ಬುಡಕ್ಕೆ 1870ರಲ್ಲಿ ಒಮ್ಮೆ, 1888ರಲ್ಲಿ ಇನ್ನೊಮ್ಮೆ ಬಂದರು. ಹಳೆಯ ಜನವಸತಿಯ ಕುರುಹುಗಳನ್ನು ಆಯ್ದು ಕೊಂಡೊಯ್ದರು. ಮುಂದೆ 1930ರ ದಶಕದಲ್ಲಿ ಹೈದರಾಬಾದಿನ ಪುರಾತತ್ವ ಇಲಾಖೆ, 1954ರಲ್ಲಿ ಭಾರತೀಯ ಪುರಾತತ್ವ ಇಲಾಖೆಯ ಬಿ.ಕೆ. ಥಾಪರ್ ಅಲ್ಲಿ ಅಗೆದರು. ಅವರಿಗೆಲ್ಲ ಮೊದಲು ದಾರಿ ತೋರಿಸಿದ್ದು ಫೂಟ್.

ಆದರೆ ಅವರ ಸಂಬಳದ ಕೆಲಸ ಬೇರೆಯೇ ಇತ್ತು. ದಕ್ಷಿಣದ ಗಟ್ಟಿಕಲ್ಲು ನೆಲವನ್ನೆಲ್ಲ ಒಂದೇ ಎಂದು ಬಗೆಯುತ್ತಿದ್ದ ಕಾಲ ಅದು. ಫೂಟ್ ನಡೆದು ನಡೆದು ಒಂದು ವ್ಯತ್ಯಾಸ ಗುರುತಿಸಿದರು. ಹೆಚ್ಚಿನ ನೆಲ ಮಸುಕು ಬಣ್ಣದ ಗ್ರಾನೈಟ್ ಮತ್ತು ಅದರ ನಂಟಿನ ನೈಸ್ ಕಲ್ಲಿನದು. ಸಿಂಧನೂರಿನ ಕಡೆ ಎರೆಮಣ್ಣಿನಡಿ ಬಹುಪಾಲು ಇದೇ ಇದೆ. ಅದರ ನಡುನಡುವೆ ಉದ್ದುದ್ದ ಪಟ್ಟಿಗಳಾಗಿ ಬೇರೊಂದು ಕಲ್ಲು ಹಾಯುತ್ತದೆ. ಹಸಿರುಗಪ್ಪು ಬಣ್ಣ, ಪದರು ಪದರಾಗಿ ಏಳುತ್ತದೆ, ನಡುವೆ ಬೆಣಚುಕಲ್ಲಿನ ಬಿಳಿ ಎಳೆಗಳು. ಈ ಗುಂಪಿಗೆ 1880ರ ದಶಕದಲ್ಲಿ ಅವರು ಧಾರವಾಡದ ಹೆಸರಿಟ್ಟರು. ಇಂದಿಗೂ ಜಗತ್ತಿನ ಭೂವಿಜ್ಞಾನಿಗಳು ಧಾರವಾಡ ಶಿಲೆಗಳು ಎಂದೇ ಕರೆಯುತ್ತಾರೆ. 250 ಕೋಟಿ ವರ್ಷಕ್ಕೂ ಹಳೆಯ ಕಲ್ಲುಗಳು ಇವು. ಮಸ್ಕಿಯ ಪಟ್ಟಿಯೂ ಇದರಲ್ಲಿ ಒಂದು. ಈಗ ಅದನ್ನು ಹಟ್ಟಿ-ಮಸ್ಕಿ ಪಟ್ಟಿ ಎನ್ನುತ್ತಾರೆ, ನಕ್ಷೆಯಲ್ಲಿ ಕೊಕ್ಕೆಯ ಹಾಗೆ ಬಾಗಿ ಕೂತಿದೆ.

ಫೂಟ್ ಗಮನಿಸಿದ ಇನ್ನೊಂದು ಸಂಗತಿಯೇ ಈ ಸೀಮೆಯ ಹಣೆಬರಹವನ್ನು ಬದಲಿಸಿತು. ದಕ್ಷಿಣ ಭಾರತದ ಚಿನ್ನವೆಲ್ಲ ಹೆಚ್ಚುಕಡಿಮೆ ಈ ಪಟ್ಟಿಗಳಲ್ಲೇ ಇದೆ. 1888ರಲ್ಲಿ ಧಾರವಾಡ ಶಿಲೆಗಳ ಬಗ್ಗೆ ಪ್ರಕಟಿಸಿದ ಪ್ರಬಂಧದ ಶೀರ್ಷಿಕೆಯಲ್ಲೇ ಅವರು ಅದನ್ನು ಹೇಳಿಬಿಟ್ಟರು. ನಿಜ ಹೇಳಬೇಕೆಂದರೆ ಅದನ್ನು ಕಂಡುಹಿಡಿದ ಮೊದಲಿಗರು ಅವರಲ್ಲ. ಹಟ್ಟಿಯ ಹಳೆಯ ಸುರಂಗಗಳಲ್ಲಿ ಸಿಕ್ಕ ಮರದ ತುಂಡುಗಳು ಸುಮಾರು ಎರಡು ಸಾವಿರ ವರ್ಷ ಹಳೆಯವು. ಹೆಸರಿಲ್ಲದ ಆ ಗಣಿಗಾರರು ನಕ್ಷೆಯಿಲ್ಲದೆಯೇ ಅದೇ ಕಲ್ಲನ್ನು ಹಿಂಬಾಲಿಸಿ ಇಳಿದಿದ್ದರು. 20ನೇ ಶತಮಾನದ ಆರಂಭದಲ್ಲಿ ಬ್ರಿಟಿಷರು ಅಲ್ಲಿ ಗಣಿ ನಡೆಸಿ 1920ರ ಹೊತ್ತಿಗೆ ಕೈಬಿಟ್ಟರು. 1947ರಲ್ಲಿ ಹೈದರಾಬಾದ್ ಸಂಸ್ಥಾನದ ಕಂಪನಿಯಾಗಿ ಮತ್ತೆ ಶುರುವಾದದ್ದೇ ಇಂದಿನ ಹಟ್ಟಿ ಚಿನ್ನದ ಗಣಿ. 2001ರಲ್ಲಿ ಕೋಲಾರದ ಗಣಿ ಮುಚ್ಚಿದ ಮೇಲೆ ದೇಶದ ಮುಖ್ಯ ಚಿನ್ನದ ಗಣಿ ಇದೇ.

ಈಗ ನೀರಿಗೆ ಬರೋಣ. ಈ ಕಲ್ಲಿನಲ್ಲಿ ಚಿನ್ನದ ಜೊತೆಗಾರನಾಗಿ ಆರ್ಸೆನೊಪೈರೈಟ್ ಎಂಬ ಖನಿಜ ಇರುತ್ತದೆ. ಕಬ್ಬಿಣ, ಗಂಧಕ ಮತ್ತು ಆರ್ಸೆನಿಕ್ ಸೇರಿ ಆದ, ಬೆಳ್ಳಿಯಂತೆ ಹೊಳೆಯುವ ಖನಿಜ. ಆರ್ಸೆನಿಕ್ ಎಂದರೆ ನಮ್ಮ ಹಿರಿಯರು ಹೇಳುತ್ತಿದ್ದ ಪಾಷಾಣ. ಪಾಷಾಣ ಎಂದರೆ ಕಲ್ಲೂ ಹೌದು, ವಿಷವೂ ಹೌದು. ಈ ಸೀಮೆಯ ಮಟ್ಟಿಗೆ ಎರಡೂ ಅರ್ಥ ಒಂದೇ ಬಂಡೆಯಲ್ಲಿ ಕೂತಿವೆ. ಬಂಡೆ ಗಟ್ಟಿಯಾಗಿ ಮುಚ್ಚಿಕೊಂಡಿರುವವರೆಗೆ ತೊಂದರೆ ಇಲ್ಲ. ಗಾಳಿ, ನೀರು ತಾಗಿದಾಗ ಖನಿಜ ನಿಧಾನವಾಗಿ ಒಡೆಯುತ್ತದೆ. ಕಬ್ಬಿಣ ತುಕ್ಕಾಗುತ್ತದೆ, ಗಂಧಕ ಸಲ್ಫೇಟ್ ಆಗುತ್ತದೆ, ಆರ್ಸೆನಿಕ್‌ನ ಒಂದು ಪಾಲು ನೀರಿಗೆ ಸೇರುತ್ತದೆ.

ಕೇಂದ್ರ ಅಂತರ್ಜಲ ಮಂಡಳಿ ಕರ್ನಾಟಕದಲ್ಲಿ ಆರ್ಸೆನಿಕ್ ಕಂಡ ಜಿಲ್ಲೆಗಳೆಂದು ಹೆಸರಿಸುವುದು ರಾಯಚೂರು ಮತ್ತು ಯಾದಗಿರಿಯನ್ನು. ಲಿಂಗಸುಗೂರಿನಿಂದ ಕೃಷ್ಣೆ ದಾಟಿದರೆ ಸುರಪುರ ಸೀಮೆ. ಅಲ್ಲಿ ಹಿಂದೆ ಚಿನ್ನದ ಗಣಿಗಾರಿಕೆ ನಡೆದ ಮಂಗಳೂರು ಶಿಲಾಪಟ್ಟಿ ಇದೆ (ಕರಾವಳಿಯ ಮಂಗಳೂರಲ್ಲ, ಈ ಕಡೆಯ ಊರು). ಅಲ್ಲಿನ ಕಿರದಳ್ಳಿ ತಾಂಡಾದ ಸುತ್ತ ನಡೆದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಪರೀಕ್ಷಿಸಿದ 59 ಕೊಳವೆಬಾವಿ ಸ್ಯಾಂಪಲ್‌ಗಳಲ್ಲಿ 79 ಶೇಕಡಾದಲ್ಲಿ ಆರ್ಸೆನಿಕ್ ಲೀಟರಿಗೆ 10 ಮೈಕ್ರೋಗ್ರಾಂ ಮೀರಿತ್ತು. ಅತಿ ಹೆಚ್ಚು ಕಂಡದ್ದು 303. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯೂ ನಮ್ಮ ಐಎಸ್ 10500 ಮಾನದಂಡದ ಮಿತಿಯೂ 10. ತಪಾಸಣೆಗೆ ಬಂದ 181 ಜನರಲ್ಲಿ 58.6 ಶೇಕಡಾ ಮಂದಿಯ ಚರ್ಮದಲ್ಲಿ ಆರ್ಸೆನಿಕ್ ಗುರುತುಗಳಿದ್ದವು.

10 ಮೈಕ್ರೋಗ್ರಾಂ ಎಷ್ಟು ಸಣ್ಣದೆಂದರೆ, ಒಂದೇ ಗ್ರಾಂ ಆರ್ಸೆನಿಕ್ ಒಂದು ಲಕ್ಷ ಲೀಟರ್ ನೀರನ್ನು, ಅಂದರೆ 5,000 ಲೀಟರಿನ 20 ಟ್ಯಾಂಕರ್‌ಗಳನ್ನು, ಆ ಮಿತಿಗೆ ಮುಟ್ಟಿಸುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಮನೆಯಲ್ಲಿರುವ ಟಿಡಿಎಸ್ ಮೀಟರ್ ಅದನ್ನು ತೋರಿಸುವುದಿಲ್ಲ, ಯಾಕೆಂದರೆ 500 ಟಿಡಿಎಸ್ ಇರುವ ನೀರಿನಲ್ಲಿ ಅದು ಐವತ್ತು ಸಾವಿರದಲ್ಲಿ ಒಂದು ಪಾಲು. ಕುದಿಸಿದರೆ ರೋಗಾಣು ಸಾಯುತ್ತವೆ, ಆರ್ಸೆನಿಕ್ ಸಾಯುವಂಥದ್ದಲ್ಲ. ಎರಡು ಲೀಟರ್ ಕುದಿದು ಒಂದೂವರೆ ಲೀಟರ್ ಆದರೆ ಆರ್ಸೆನಿಕ್ ಅಷ್ಟೇ ಉಳಿದು ನೀರು ಮೂರನೇ ಒಂದು ಪಾಲಿನಷ್ಟು ಹೆಚ್ಚು ಕೆಡುತ್ತದೆ. ಕುದಿಸಿ ಕುಡಿಯಿರಿ ಎಂಬ ಫಾರ್ವರ್ಡ್ ಅತಿಸಾರಕ್ಕೆ ಸರಿ, ಪಾಷಾಣಕ್ಕೆ ತೀರಾ ತಪ್ಪು. ಎದೆ, ಬೆನ್ನಿನ ಮೇಲೆ ಕಪ್ಪು-ಬಿಳಿ ಹನಿ ಹನಿ ಮಚ್ಚೆ, ಅಂಗೈ ಅಂಗಾಲಿನಲ್ಲಿ ಒರಟು ಗಂಟು ಕಾಣಿಸಿಕೊಳ್ಳಲು ವರ್ಷಗಳೇ ಬೇಕು. ಆಗ ಅದನ್ನು ಕುಷ್ಠವೆಂದೋ ಶಾಪವೆಂದೋ ತಿಳಿದು ಜನರನ್ನು ದೂರ ಇಡಬೇಡಿ. ಅದು ಅಂಟುವುದಿಲ್ಲ. ಇನ್ನೂ ತಡವಾದರೆ ಚರ್ಮ, ಶ್ವಾಸಕೋಶ, ಮೂತ್ರಕೋಶದ ಕ್ಯಾನ್ಸರ್‌ಗೂ ದಾರಿಯಾಗುತ್ತದೆ.

ಹಾಗಾದರೆ ತಪ್ಪು ಕಲ್ಲಿನದೋ ಗಣಿಯದೋ? ಕಿರದಳ್ಳಿಯ ಅಧ್ಯಯನದಲ್ಲಿ ಮೇಲ್ಮಣ್ಣಿನ 12 ಸ್ಯಾಂಪಲ್‌ಗಳಲ್ಲಿ ಆರರಲ್ಲಿ ಕಿಲೋಗೆ 2,000 ಮಿಲಿಗ್ರಾಂಗೂ ಹೆಚ್ಚು ಆರ್ಸೆನಿಕ್ ಇತ್ತು. ಅದು ಗಣಿಯ ಪುಡಿಮಣ್ಣಿನ ಪರಿಣಾಮ ಇರಬಹುದೆಂದು ಸಂಶೋಧಕರು ಹೇಳಿದರು. ಅದಿರನ್ನು ಹಿಟ್ಟಿನಂತೆ ಅರೆದಾಗ ಗಾಳಿ, ನೀರಿಗೆ ತೆರೆದುಕೊಳ್ಳುವ ಮೈ ಸಾವಿರಾರು ಪಟ್ಟು ಹೆಚ್ಚುತ್ತದೆ. ಕಲ್ಲಿನಲ್ಲಿ ಇದ್ದದ್ದೇ ಹೌದು. ಆದರೆ ಬಂಡೆಯೊಳಗೆ ನಿದ್ದೆ ಹೋಗಿದ್ದದ್ದು ಎದ್ದು ಬಂದದ್ದು ಹೇಗೆ ಎಂಬುದು ಬೇರೆ ಪ್ರಶ್ನೆ. ಅದನ್ನು ಒಂದು ಬಾಟಲಿ ನೀರಿನಿಂದ ಬಿಡಿಸಲಾಗದು.

ಬಿಡಿಸಬೇಕಾದರೆ ಫೂಟ್ ನಕ್ಷೆಯ ಬುದ್ಧಿ ಬೇಕು. ಕೈಗಾರಿಕಾ ಜಾಗದ ಕೆಳಗಿನ ಬಾವಿಗಳ ಜೊತೆಗೆ, ನೆಲದಡಿ ನೀರು ಹರಿದುಬರುವ ಮೇಲಿನ ದಿಕ್ಕಿನ ಬಾವಿಗಳನ್ನೂ ನೋಡಬೇಕು. ಹರಿವಿನ ದಿಕ್ಕು ತಿಳಿಯಲು ಕನಿಷ್ಠ ಮೂರು ಬಾವಿಗಳ ನೀರಿನ ಮಟ್ಟ ಅಳೆಯಬೇಕು. ಗಣಿಯಿಂದ ದೂರವಿದ್ದು ಅದೇ ಹಸಿರುಗಪ್ಪು ಪಟ್ಟಿಯ ಮೇಲೆ ಕೂತ ಊರಿನ ಬಾವಿ ಬೇಕು. ಮಸ್ಕಿ ಕಡೆ ಅಂಥವು ಸಿಗುತ್ತವೆ. ಪಟ್ಟಿಯಿಂದಲೇ ಹೊರಗಿರುವ ಗ್ರಾನೈಟ್ ನೆಲದ ಬಾವಿಯೂ ಬೇಕು, ಅದಕ್ಕೆ ಸಿಂಧನೂರು. ದೂರದ ಊರಿನಲ್ಲೂ ಅಷ್ಟೇ ಆರ್ಸೆನಿಕ್ ಇದ್ದರೆ ಕಲ್ಲಿನ ಕಡೆ ಬೆರಳು. ಕೈಗಾರಿಕೆಯ ಕೆಳಗೆ ಮಾತ್ರ ಏರಿದ್ದರೆ ಬೆರಳು ಆ ಕಡೆ. ಸಿಂಧನೂರಿನ ನೆಲ ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಭತ್ತದ ನೆಲ, ಅಲ್ಲಿ ಮೇಲಿನಿಂದ ಇಂಗುವ ನೀರೇ ಬೇರೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅಲ್ಲಿ ಆರ್ಸೆನಿಕ್ ಕಡಿಮೆ ಬಂತೆಂದು ನೀರು ಒಳ್ಳೆಯದೆಂದೂ ಅಲ್ಲ. ಗ್ರಾನೈಟ್ ಸೀಮೆಯ ಕಾಟ ಫ್ಲೋರೈಡ್.

ಇನ್ನೊಂದು ಸುಳಿವು ಇದೆ. ಚಿನ್ನ ತೆಗೆಯಲು ಸಯನೈಡ್ ಬಳಸುತ್ತಾರೆ, ಕಲ್ಲಿನಲ್ಲಿ ಅದು ಇರುವುದಿಲ್ಲ. ಯಾವುದೇ ಚಿನ್ನದ ಗಣಿಯ ಬಳಿಯ ಬಾವಿಯಲ್ಲಿ ಸಯನೈಡ್ ಕಂಡರೆ ಅದು ಬಂಡೆಯಿಂದ ಬಂದದ್ದಲ್ಲ. ಕಾಣದಿದ್ದರೆ ಮಾತ್ರ ಏನೂ ತೀರ್ಮಾನವಾಗದು, ಯಾಕೆಂದರೆ ಬಿಸಿಲು, ಗಾಳಿಗೆ ಅದು ಬೇಗ ಒಡೆದುಹೋಗುತ್ತದೆ. ಸಯನೈಡ್ ಸ್ಯಾಂಪಲ್‌ಗೆ ಆಮ್ಲ ಹಾಕಲೇಬಾರದು, ವಿಷಾನಿಲ ಏಳುತ್ತದೆ. ಅದಕ್ಕೆ ಕ್ಷಾರ ಹಾಕಬೇಕು. ಅಂದರೆ ಒಂದೇ ಬಾವಿಗೆ ಎರಡು ಬೇರೆ ಬಾಟಲಿ. ಯೂಟ್ಯೂಬ್ ನೋಡಿ ನೀವೇ ಆಮ್ಲ ತಂದು ಹಾಕುವ ಸಾಹಸ ಮಾಡಬೇಡಿ. ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಜಿಲ್ಲಾ ಪ್ರಯೋಗಾಲಯಕ್ಕೆ ಪಂಚಾಯಿತಿ ಮೂಲಕ ಕೇಳಿ, ಆರ್ಸೆನಿಕ್ ಎಂದು ಹೆಸರು ಹೇಳಿಯೇ ಕೇಳಿ. ಮಾಮೂಲಿ ಪರೀಕ್ಷೆಯ ವರದಿಯಲ್ಲಿ ಅದು ಇದ್ದೇ ಇರುತ್ತದೆ ಎಂದುಕೊಳ್ಳಬೇಡಿ. ಗಟ್ಟಿಕಲ್ಲು ನೆಲದಲ್ಲಿ ಬಿರುಕಿನಿಂದ ಬಿರುಕಿಗೆ ನೀರು ಬೇರೆ. ಪಕ್ಕದ ಮನೆಯ ಬೋರ್‌ವೆಲ್ ವರದಿ ನಿಮ್ಮದಲ್ಲ.

ವಾಲಿಯ ಚಿತೆ, ದನದ ಸಗಣಿ

ಫೂಟ್ ಬದುಕಿನಲ್ಲಿ ನಮ್ಮಂಥ ಸುಳ್ಳುಸುದ್ದಿ ಬಿಡಿಸುವವರಿಗೆ ತುಂಬ ಇಷ್ಟವಾಗುವ ಭಾಗ ಬೂದಿಗುಡ್ಡಗಳದು. ಬಳ್ಳಾರಿ, ರಾಯಚೂರು ಸೀಮೆಯಲ್ಲಿ ಅಲ್ಲಲ್ಲಿ ಬೂದಿಯ ದೊಡ್ಡ ದಿಬ್ಬಗಳಿವೆ. ಕೆಲವು ಕಡೆ ಬೂದಿ ಕರಗಿ ಕಿಟ್ಟದಂತೆ ಗಟ್ಟಿಯಾಗಿದೆ. ಹಂಪಿ ಪಕ್ಕದ ನಿಂಬಾಪುರದಲ್ಲಿರುವುದು ವಾಲಿಯ ಚಿತೆಯ ಬೂದಿ ಎಂದು ಜನರ ನಂಬಿಕೆ. ವಿಜಯನಗರದ ಇತಿಹಾಸ ಬರೆದ ರಾಬರ್ಟ್ ಸೆವೆಲ್ ಇಂಥ ಗುಡ್ಡಗಳನ್ನು ವಿಜಯನಗರ ಕಾಲದ ಸಾಮೂಹಿಕ ದಹನದ ಬೂದಿ ಎಂದರು. ಫೂಟ್ ಬಳ್ಳಾರಿ ಬಳಿಯ ಕುಪ್ಪಗಲ್ಲಿನ ಗುಡ್ಡ ನೋಡಿದರು, ಅದರ ಸುತ್ತ ಬಿದ್ದಿದ್ದ ನಯ ಮಾಡಿದ ಕಲ್ಗೊಡಲಿಗಳನ್ನು ನೋಡಿದರು, ಇದು ನವಶಿಲಾಯುಗದ ಜನ ಸುಟ್ಟ ದನದ ಸಗಣಿ ಎಂದರು. ಕಥೆಯಾಗಿ ಕೇಳಲು ವಾಲಿಯೇ ಚೆಂದ, ಒಪ್ಪುತ್ತೇವೆ. 1957ರಲ್ಲಿ ಕೃಷ್ಣೆಯ ಆಚೆ ಉಟ್ನೂರಿನಲ್ಲಿ ರೇಮಂಡ್ ಆಲ್ಚಿನ್ ಬೂದಿಗುಡ್ಡ ಅಗೆದಾಗ ಪದರಗಳ ನಡುವೆ ದನಗಳ ಗೊರಸಿನ ಗುರುತುಗಳೇ ಸಿಕ್ಕವು. ಸುಮಾರು ನಾಲ್ಕು ಸಾವಿರ ವರ್ಷ ಹಿಂದಿನ ದನದ ದೊಡ್ಡಿ ಅದು.

ಬೂದಿಯನ್ನು ಬೂದಿಯಾಗಿ ನೋಡಿದ ಆ ಕಾಲದಲ್ಲೇ ಆರ್ಸೆನಿಕ್ ಪತ್ತೆಯ ರಸಾಯನವೂ ಗೊತ್ತಿತ್ತು. 1836ರಲ್ಲಿ ಇಂಗ್ಲೆಂಡಿನ ಜೇಮ್ಸ್ ಮಾರ್ಷ್ ವಿಷವಿಟ್ಟು ಕೊಂದ ಪ್ರಕರಣಗಳಿಗಾಗಿ ಒಂದು ಪರೀಕ್ಷೆ ರೂಪಿಸಿದ್ದರು. ಆರ್ಸೆನಿಕ್ಕನ್ನು ಅನಿಲವಾಗಿ ಎಬ್ಬಿಸಿ ಗುರುತು ಹಿಡಿಯುವ ಅದೇ ಯುಕ್ತಿ ಇಂದು ಹಳ್ಳಿಗೆ ಒಯ್ಯುವ ಪುಟ್ಟ ಕಿಟ್‌ಗಳಲ್ಲಿದೆ. ಅದರೊಳಗಿನ ಬಿಳಿ ಕಾಗದ ಹಳದಿ, ಆಮೇಲೆ ಕಂದು ಆಗುತ್ತದೆ. ಎಷ್ಟಿದೆ ಎಂದು ನಿಖರವಾಗಿ ಹೇಳದು, ಯಾವ ಬಾವಿಯನ್ನು ಮೊದಲು ಲ್ಯಾಬಿಗೆ ಕಳಿಸಬೇಕು ಎಂದು ಹೇಳುತ್ತದೆ. ಆದರೆ ಫೂಟ್ ಕಾಲದಲ್ಲಿ ಆರ್ಸೆನಿಕ್ಕನ್ನು ಹುಡುಕುತ್ತಿದ್ದದ್ದು ಸತ್ತವರ ಹೊಟ್ಟೆಯಲ್ಲಿ, ಊರಿನ ಬಾವಿಯಲ್ಲಲ್ಲ. ಜನ ಆಗ ಕುಡಿಯುತ್ತಿದ್ದದ್ದು ಹೆಚ್ಚಾಗಿ ಕೆರೆ, ಹಳ್ಳ, ಮೇಲುಬಾವಿಗಳ ನೀರನ್ನು. ಬಂಡೆಯ ಬಿರುಕಿನ ನೀರಿಗೆ ಊರೂರೇ ಬಾಯಿ ಹಚ್ಚಿದ್ದು 1960ರ ದಶಕದ ಕೊನೆಯ ಬರಗಾಲಗಳ ನಂತರ, ಬಂಡೆ ಕೊರೆಯುವ ಯಂತ್ರಗಳು ಬಂದ ಮೇಲೆ. ಸಾವಿರಾರು ವರ್ಷದಿಂದ ಇದೇ ನೀರು ಕುಡಿದಿದ್ದೇವೆ ಎಂಬ ಮಾತು ಅಲ್ಲಿಗೆ ಬಿತ್ತು.

ಯೇರ್ಕಾಡಿನ ಮನೆ

1891ರಲ್ಲಿ ಫೂಟ್ ಜಿಎಸ್‌ಐನಿಂದ ನಿವೃತ್ತರಾದರು. ಆಮೇಲೆ ಬರೋಡ ಸಂಸ್ಥಾನದ ಭೂವಿಜ್ಞಾನಿಯಾಗಿ ದುಡಿದರು, ಮೈಸೂರು ಸಂಸ್ಥಾನಕ್ಕೂ ಕೆಲಸ ಮಾಡಿದರು. ಬಳ್ಳಾರಿ ಜಿಲ್ಲೆಯ ಭೂರಚನೆಯ ದೊಡ್ಡ ಗ್ರಂಥ 1895ರಲ್ಲಿ ಹೊರಬಂತು. ಸೇಲಂ ಬಳಿಯ ಯೇರ್ಕಾಡ್ ಬೆಟ್ಟದಲ್ಲಿ ಮನೆ ಮಾಡಿಕೊಂಡರು. ಮಗ ಹೆನ್ರಿ ಸೈನ್ಯದಲ್ಲಿದ್ದ. 1880ರ ದಶಕದಲ್ಲಿ ಕರ್ನೂಲಿನ ಬಿಲ್ಲಸುರ್ಗಂ ಗುಹೆಗಳನ್ನು ಅಗೆಯುವ ಕೆಲಸ ನಡೆಸಿದ್ದು ಅವನೇ.

ಮನೆಯಲ್ಲಿ ನಾಲ್ಕು ದಶಕದ ಕಲ್ಲು, ಮಡಕೆ ಚೂರು, ಮಣಿಗಳ ರಾಶಿ. 1904ರಲ್ಲಿ ಮದ್ರಾಸಿನ ಸರ್ಕಾರಿ ವಸ್ತುಸಂಗ್ರಹಾಲಯ ಅದನ್ನು 40,000 ರೂಪಾಯಿಗೆ ಕೊಂಡಿತು. ಆ ಕಾಲಕ್ಕೆ ಅದು ಭಾರೀ ಮೊತ್ತ. ನಮ್ಮ ಅಂದಾಜಿನಲ್ಲಿ ಆ ಬೆಲೆ ಕಲ್ಲಿಗಿಂತ ಹೆಚ್ಚಾಗಿ ಕಲ್ಲಿನ ಜೊತೆಗಿದ್ದ ಊರಿನ ಹೆಸರುಗಳಿಗೆ ಸಂದದ್ದು. ಮಾರಿ ಕೈತೊಳೆದುಕೊಳ್ಳಲಿಲ್ಲ. ಎಪ್ಪತ್ತರ ವಯಸ್ಸಿನಲ್ಲಿ ಕೂತು ಒಂದೊಂದಕ್ಕೂ ನಂಬರ್ ಕೊಟ್ಟು, ಎಲ್ಲಿ ಸಿಕ್ಕಿತು, ಯಾವ ಕಲ್ಲು, ಏನಾಗಿರಬಹುದು ಎಂದು ಬರೆಯುತ್ತ ಹೋದರು. ಬರೆದದ್ದು ಅಚ್ಚಾಗುವುದನ್ನು ನೋಡಲಿಲ್ಲ. 1912ರ ಡಿಸೆಂಬರ್ 29ರಂದು ಕಲ್ಕತ್ತೆಯಲ್ಲಿ ತೀರಿಕೊಂಡರು. ಯೇರ್ಕಾಡಿನ ಹೋಲಿ ಟ್ರಿನಿಟಿ ಚರ್ಚಿನಲ್ಲಿ ಅವರ ಸ್ಮಾರಕವಿದೆ. ಕ್ಯಾಟಲಾಗ್ 1914ರಲ್ಲಿ, ಅದರ ಟಿಪ್ಪಣಿಗಳ ಸಂಪುಟ 1916ರಲ್ಲಿ ಪ್ರಕಟವಾದವು.

ಆ ಎರಡರ ನಡುವಿನ ವರ್ಷ, 1915ರಲ್ಲಿ, ನಿಜಾಮರ ಸೀಮೆಯಲ್ಲಿ ಚಿನ್ನ ಹುಡುಕುತ್ತಿದ್ದ ಬೀಡನ್ ಎಂಬ ಗಣಿ ಎಂಜಿನಿಯರ್ ಮಸ್ಕಿಯ ಬೆಟ್ಟದ ಬಂಡೆಯ ಮೇಲೆ ಬರಹ ಕಂಡರು. ದೇವಾನಂಪ್ರಿಯ ಎಂಬ ಬಿರುದಿನ ಜೊತೆ ಅಶೋಕ ಎಂಬ ಹೆಸರನ್ನೂ ಕೆತ್ತಿದ್ದ ಶಾಸನ ಮೊದಲು ಸಿಕ್ಕಿದ್ದು ಹಾಗೆ. ಫೂಟ್ ಎರಡು ಸಲ ಆ ಬೆಟ್ಟದ ಬುಡದಲ್ಲಿ ಅಡ್ಡಾಡಿದ್ದರು. ಶಾಸನ ಅವರ ಕಣ್ಣಿಗೆ ಬಿದ್ದಿರಲಿಲ್ಲ. ಅವರು ಮಸ್ಕಿಯಿಂದ ಆಯ್ದುಕೊಂಡು ಹೋದ ವಸ್ತುಗಳು ಚೆನ್ನೈನ ಎಗ್ಮೋರ್ ಮ್ಯೂಸಿಯಂನ ಸಂಗ್ರಹಕ್ಕೆ ಸೇರಿವೆ, ನಂಬರ್ ಮತ್ತು ಊರಿನ ಹೆಸರಿನ ಸಮೇತ.